ಒಪ್ಪತ್ತಿನ ಊಟ: ಬಳ್ಳಾರಿ ಸೀಮೆಯ ಅನ್ನಚರಿತ್ರೆಯ ಕೆಲವು ಪುಟಗಳು

ಇತ್ತೀಚಿನ ವರ್ಷಗಳಲ್ಲಿ ಶ್ರೀಮಠಕ್ಕೆ ಬರುವ ಸದ್ಭಕ್ತರು, ಅದರಲ್ಲಿಯೂ ಬಳ್ಳಾರಿ ನಗರದ ವ್ಯಾಪಾರಸ್ಥರು, ನೌಕರರು ಮತ್ತು ಮಠದ ವಿದ್ಯಾರ್ಥಿನಿಲಯದಲ್ಲಿ ಓದಿ ಇಂದು ಪರಸ್ಥಳಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮೈತೂಕ ಏರದಿರಲೆಂದು ಅವರು ದಿನಕ್ಕೆ ಒಂದು ಊಟವನ್ನು ಬಿಡುತ್ತಾರೆ. ಕೆಲವರು ಹದಿನಾರು ಗಂಟೆಗಳ ಕಾಲ ಏನನ್ನೂ ತಿನ್ನದೆ ಉಳಿದ ಎಂಟು ಗಂಟೆಗಳೊಳಗೆ ಉಣ್ಣುತ್ತಾರೆ. ವಾರದಲ್ಲಿ ಎರಡು ದಿನ ಅರೆಹೊಟ್ಟೆಯಲ್ಲಿರುವವರೂ ಉಂಟು. ವೈದ್ಯರನ್ನು ಕೇಳಬೇಕಾದ ಈ ಮಾತನ್ನು ಸ್ವಾಮಿಗಳ ಬಳಿ ತರುವುದಕ್ಕೆ ಒಂದು ಕಾರಣವಿದೆ. "ಬುದ್ಧೀ, ಇದು ನಮ್ಮ ಹಿರಿಯರ ಒಪ್ಪತ್ತೇ ಅಲ್ಲವೆ? ಅವರೂ ಹೀಗೆಯೇ ಇದ್ದು ಗಟ್ಟಿಯಾಗಿ ಬಾಳಲಿಲ್ಲವೆ?" ಎಂಬುದು ಅವರ ಅಂತರಂಗದ ಪ್ರಶ್ನೆ. ಹೌದೆಂದು ನಮ್ಮಿಂದ ಹೇಳಿಸಿಕೊಂಡರೆ ಅವರ ಪಥ್ಯಕ್ಕೆ ಧರ್ಮದ ಮುದ್ರೆಯೂ ಬಿದ್ದಂತಾಗುತ್ತದೆ.

ಇಂಥ ಮುದ್ರೆಯನ್ನು ಸುಲಭವಾಗಿ ಒತ್ತಲಾಗದು. ಹಿರಿಯರು ಹೇಗೆ ಉಂಡರು ಎಂಬುದು ಇತಿಹಾಸದ ಪ್ರಶ್ನೆ. ಊಹೆಯಿಂದ ಅದಕ್ಕೆ ಉತ್ತರ ಹೇಳಬಾರದು. ಅದಕ್ಕೂ ಮಿಗಿಲಾಗಿ ನಮ್ಮದು ಬರದ ನಾಡು. ಇಲ್ಲಿ ಊಟ ಬಿಟ್ಟವರಿಗಿಂತ ಊಟ ತಪ್ಪಿದವರ ಸಂಖ್ಯೆಯೇ ದೊಡ್ಡದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆದರೆ ಹಸಿದು ಹೋದ ಜನರಿಗೆ ಅನ್ಯಾಯ ಮಾಡಿದಂತೆ. ಆದುದರಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರು ಸ್ಥಳಗಳ ಸುತ್ತಮುತ್ತಲಿನ ಅನ್ನದ ಚರಿತ್ರೆಯನ್ನು ತುಸು ವಿಚಾರಿಸೋಣ.

ಬಳ್ಳಾರಿಯ ಪಕ್ಕದ ಸಂಗನಕಲ್ಲು ಮತ್ತು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಪ್ರಾಕ್ತನ ವಿದ್ವಾಂಸರಿಗೆ ಚಿರಪರಿಚಿತವಾದ ಹೆಸರುಗಳು. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಗುಡ್ಡಗಳ ಮೇಲೆ ದನ ಸಾಕುತ್ತ, ಕಲ್ಲಿನ ಕೊಡಲಿಗಳನ್ನು ಉಜ್ಜಿ ನಯಗೊಳಿಸುತ್ತ ಜನ ಬದುಕಿದ್ದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿಯೂ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ತೆಕ್ಕಲಕೋಟೆಯಲ್ಲಿಯೂ ಉತ್ಖನನ ನಡೆಸಿದರು. ಆಮೇಲೆ ಬಂದವರು ಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟು ಕರಿಕಾದ ಕಾಳುಗಳನ್ನು ಹೆಕ್ಕಿ, ಅಂದಿನ ಜನರ ಆಹಾರವನ್ನು ಗುರುತಿಸಿದರು. ದಕ್ಷಿಣದ ಈ ನವಶಿಲಾಯುಗದ ಮುಖ್ಯ ಧಾನ್ಯಗಳು ಕೊರಲೆ ಮತ್ತು ಅದರ ಜಾತಿಗೆ ಸೇರಿದ ಕಿರುಧಾನ್ಯಗಳು. ಬೇಳೆಗಳೆಂದರೆ ಹುರುಳಿ ಮತ್ತು ಹೆಸರು. ಭತ್ತಕ್ಕೆ ಅಲ್ಲಿ ಸ್ಥಾನವಿಲ್ಲ. ಇಂದು ಸಿರುಗುಪ್ಪವೆಂದರೆ ಭತ್ತ, ಭತ್ತವೆಂದರೆ ಸಿರುಗುಪ್ಪ ಎನ್ನುವವರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಜೋಳ, ಸಜ್ಜೆ, ನವಣೆಗಳು ಈ ಕರಿಯ ನೆಲವನ್ನೂ ಕೆಂಪು ಮಸಾರಿಯನ್ನೂ ಹಂಚಿಕೊಂಡವು. ವಿಜಯನಗರದ ಕಾಲದ ಕಾಲುವೆಗಳಿದ್ದ ನದೀತೀರದ ಕೆಲವು ಊರುಗಳನ್ನು ಬಿಟ್ಟರೆ ಸಾಮಾನ್ಯರ ಮನೆಯಲ್ಲಿ ಅಕ್ಕಿಯ ಅನ್ನವು ಹಬ್ಬಕ್ಕೂ ಬೀಗರಿಗೂ ಮೀಸಲಾದ ಪದಾರ್ಥವಾಗಿತ್ತು.

ಹೊಲದಲ್ಲಿ ದುಡಿಯುವವರು ನಸುಕಿನಲ್ಲೆದ್ದು ಗಳೆ ಹೂಡಿ, ಬಿಸಿಲೇರಿದ ಮೇಲೆ ಮನೆಯಿಂದ ಬಂದ ಬುತ್ತಿಯನ್ನು ಬಿಚ್ಚುತ್ತಿದ್ದರು. ಎರಡನೆಯ ಊಟ ದೀಪ ಹಚ್ಚುವ ಹೊತ್ತಿಗೆ. ದೀಪಕ್ಕೆ ಎಣ್ಣೆ ಬೇಕು, ಎಣ್ಣೆಗೆ ಹಣ ಬೇಕು. ಆದುದರಿಂದ ಕತ್ತಲಾದ ಮೇಲೆ ಬಹಳ ಹೊತ್ತು ಎಚ್ಚರವಿದ್ದು ಏನನ್ನಾದರೂ ಮೆಲ್ಲುವ ಅಭ್ಯಾಸಕ್ಕೆ ಎಡೆಯೇ ಇರಲಿಲ್ಲ. ರಾತ್ರಿಯ ಊಟದಿಂದ ಮರುದಿನದ ಬುತ್ತಿಯವರೆಗೆ ಹನ್ನೆರಡು ಹದಿಮೂರು ಗಂಟೆಗಳ ಬಿಡುವು ತಾನಾಗಿಯೇ ಬೀಳುತ್ತಿತ್ತು. ಇಷ್ಟರ ಮಟ್ಟಿಗೆ ನಮ್ಮ ಭಕ್ತರ ಮಾತು ನಿಜ. ಆದರೆ ಹಾಗೆ ಉಂಡವರು ಹಗಲಿಡೀ ಕುಂಟೆ ಹೊಡೆದವರು, ಕಳೆ ತೆಗೆದವರು, ಬಾವಿಯಿಂದ ನೀರು ಹೊತ್ತವರು. ಎರಡು ಹೊತ್ತು ಉಂಡರೂ ಅವರು ಉಂಡದ್ದು ಹೊಟ್ಟೆ ತುಂಬ. ಅದನ್ನು ಯಾರೂ ಉಪವಾಸವೆಂದು ಕರೆಯಲಿಲ್ಲ.

ಬೇಕೆಂದೇ ಆಹಾರ ಬಿಡುವ ವ್ರತಗಳು ಈ ಸೀಮೆಯಲ್ಲಿ ಇರಲಿಲ್ಲವೆಂದಲ್ಲ. ಒಂದು ಕಾಲದಲ್ಲಿ ಬಳ್ಳಾರಿ ಪ್ರಾಂತದಲ್ಲಿ ಜೈನರ ನೆಲೆಗಳು ದಟ್ಟವಾಗಿದ್ದವು. ಕೋಗಳಿಯಂಥ ಸ್ಥಳಗಳು ಅದಕ್ಕೆ ಸಾಕ್ಷಿ. ಜೈನರಲ್ಲಿ ಸೂರ್ಯಾಸ್ತದ ಅನಂತರ ಉಣ್ಣದಿರುವುದು, ಪರ್ವದಿನಗಳಲ್ಲಿ ನಿರಾಹಾರವಿರುವುದು, ಕಟ್ಟಕಡೆಗೆ ಸಲ್ಲೇಖನ, ಇವೆಲ್ಲ ಕ್ರಮಬದ್ಧವಾದ ಶಾಸ್ತ್ರವಾಗಿ ಬೆಳೆದವು. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳು ಏಳನೆಯ ಶತಮಾನದಿಂದಲೇ ಆ ಸಾಧಕರ ಹೆಸರುಗಳನ್ನು ಹೊತ್ತು ನಿಂತಿವೆ. ಇತ್ತ ಹನ್ನೆರಡನೆಯ ಶತಮಾನದಲ್ಲಿ ಸಿಂದರು ಕುರುಗೋಡಿನಲ್ಲಿ ಆಳುತ್ತಿದ್ದಾಗ ಶೈವ ಕಾಳಾಮುಖರ ಪ್ರಭಾವವೂ ಪ್ರಬಲವಾಗಿತ್ತು. ಆ ಯುಗದ ದತ್ತಿಶಾಸನಗಳನ್ನು ಓದಿದವರಿಗೆ ದೇವರ ಅಂಗಭೋಗ ರಂಗಭೋಗಗಳ ಜೊತೆಯಲ್ಲಿ ತಪೋಧನರ ಆಹಾರದಾನಕ್ಕೆಂದು ಬಿಟ್ಟ ಭೂಮಿಯ ಉಲ್ಲೇಖ ಪದೇ ಪದೇ ಎದುರಾಗುತ್ತದೆ. ತಪಸ್ವಿಯ ಊಟಕ್ಕೂ ಒಂದು ವ್ಯವಸ್ಥೆ ಬೇಕೆಂಬುದನ್ನು ಕಲ್ಲಿನ ಮೇಲೆ ಕೆತ್ತಿಸಿದ ಜನರು ಅವರು.

ಅದೇ ಶತಮಾನದ ಶರಣರ ನಿಲುವು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಕಾಯವನ್ನು ದಂಡಿಸಿ ದೇವರನ್ನು ಒಲಿಸಿಕೊಳ್ಳುವ ವ್ಯವಹಾರವನ್ನು ಅವರು ಒಪ್ಪಲಿಲ್ಲ. ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಲಿಂಗಕ್ಕೆ ಅರ್ಪಿತವಾದುದನ್ನು ಪ್ರಸಾದವೆಂದು ಸ್ವೀಕರಿಸುವವನಿಗೆ ಅನ್ನವು ಶತ್ರುವಾಗುವುದು ಹೇಗೆ? ಹಾಗೆಂದು ಶರಣರಲ್ಲಿ ವ್ರತದ ಮಾತೇ ಇಲ್ಲವೆಂದು ಹೇಳುವುದೂ ತಪ್ಪು. ಅಕ್ಕಮ್ಮ, ಏಲೇಶ್ವರದ ಕೇತಯ್ಯ ಮೊದಲಾದವರ ವಚನಗಳಲ್ಲಿ ವ್ರತಾಚಾರವೇ ಮುಖ್ಯ ವಿಷಯ. ಆದರೆ ಅಲ್ಲಿ ವ್ರತವೆಂದರೆ ನಡೆಯ ಶುದ್ಧಿ, ಹಿಡಿದ ನೇಮವನ್ನು ಬಿಡದಿರುವ ಛಲ. ಹೊಟ್ಟೆಯನ್ನು ಬರಿದು ಮಾಡುವುದೊಂದನ್ನೇ ಅವರು ವ್ರತವೆಂದು ಎಣಿಸಿದವರಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ಭಕ್ತರೆಲ್ಲರಿಗೂ ಗೊತ್ತಿರುವಂಥದೇ. ನಮ್ಮ ನೆರೆಯ ರಾಯಚೂರು ಸೀಮೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಹೋದ ದಂಪತಿಗಳು ಇವರು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಿಕೊಳ್ಳದೆ, ಹೆಚ್ಚಾದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಿತಾಹಾರದ ವಿಚಾರ ಬಂದಾಗಲೆಲ್ಲ ಈ ಪ್ರಸಂಗವೇ ನಮ್ಮ ಮನಸ್ಸಿಗೆ ಬರುತ್ತದೆ. ಲಕ್ಕಮ್ಮ ಊಟವನ್ನು ಬಿಡಲಿಲ್ಲ, ಬಿಡಿಸಲೂ ಇಲ್ಲ. ಅಂದಿನ ಅಗತ್ಯ ಎಷ್ಟೆಂಬುದನ್ನು ಅರಿತಿದ್ದಳು. ಮನೆಗೆ ಬರುವ ಅಕ್ಕಿಯ ಅಳತೆಯಲ್ಲಿಯೇ ಆಕೆ ಮಿತವನ್ನು ಕಂಡಳು.

ಇನ್ನು ಬರದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಹೊಸ ತಲೆಮಾರಿನವರು ಇದನ್ನು ಓದಿದವರಲ್ಲ, ಹೇಳಿದ ಅಜ್ಜಿಯರು ಈಗ ಉಳಿದಿಲ್ಲ.

ವರ್ಷಕ್ಕೆ ಇಪ್ಪತ್ತು ಅಂಗುಲದ ಆಸುಪಾಸಿನಲ್ಲಿ ಮಳೆ ಬೀಳುವ ಸೀಮೆ ನಮ್ಮದು. ಆ ಇಪ್ಪತ್ತೂ ಹೊತ್ತಿಗೆ ಸರಿಯಾಗಿ ಬಂದರೆ ಮಾತ್ರ ಜೋಳ. 1791–92ರ ಬರಕ್ಕೆ ಜನ ಇಟ್ಟ ಹೆಸರು ಡೋಗಿ ಬರ. ಹೂಳುವವರಿಲ್ಲದೆ ತಲೆಬುರುಡೆಗಳು ನೆಲದ ಮೇಲೆ ಚೆಲ್ಲಾಡಿದ್ದರಿಂದ ಬಂದ ಹೆಸರದು. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳೊಡನೆ ಬಳ್ಳಾರಿಯೂ ಮದರಾಸು ಪ್ರಾಂತಕ್ಕೆ ಸೇರಿತು. ಆಳುವವರು ಬದಲಾದರು, ಆಕಾಶ ಬದಲಾಗಲಿಲ್ಲ. 1854ರಲ್ಲಿ ಬರ, 1866ರಲ್ಲಿ ಬರ. ಇವೆಲ್ಲವನ್ನೂ ಮೀರಿಸಿದುದು 1876ರಿಂದ 1878ರವರೆಗಿನ ಮಹಾಕ್ಷಾಮ. ಅದು ಆರಂಭವಾದುದು ಧಾತು ಸಂವತ್ಸರದಲ್ಲಿ; ಮುಂದಿನ ಈಶ್ವರ ಸಂವತ್ಸರದಲ್ಲಿಯೂ ಅದು ಬಿಡಲಿಲ್ಲ. ಮದರಾಸು ಪ್ರಾಂತದ ಜಿಲ್ಲೆಗಳಲ್ಲಿ ಅತಿ ಹೆಚ್ಚು ನೊಂದವುಗಳ ಸಾಲಿನಲ್ಲಿ ಬಳ್ಳಾರಿ, ಕರ್ನೂಲು, ಕಡಪಗಳು ನಿಂತವು.

ಅಂದು ಬಳ್ಳಾರಿಗೆ ರೈಲು ಬಂದಾಗಿತ್ತು. ಮದರಾಸಿನ ಬಂದರಿನಲ್ಲಿ ಇಳಿದ ಅಕ್ಕಿ ರೈಲಿನಲ್ಲಿ ನಿಲ್ದಾಣದವರೆಗೆ ಬಂದೀತು. ಅಲ್ಲಿಂದ ಸಿರುಗುಪ್ಪದ ಕಡೆಗೋ ಕುರುಗೋಡಿನ ಕಡೆಗೋ ಒಯ್ಯುವವರು ಯಾರು? ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ತಂದು ಮುಟ್ಟಿಸಿದರೂ ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ. ಕೂಲಿಯಿಲ್ಲ, ಬೆಳೆಯಿಲ್ಲ, ಮಾರಲು ದನವಿಲ್ಲ. ಧಾನ್ಯವು ಇದ್ದೂ ಇಲ್ಲದಂತಾಗುವುದು ಹೀಗೆ.

ಸರ್ಕಾರವು ಬರಗಾಲದ ಕಾಮಗಾರಿಗಳನ್ನು ತೆರೆಯಿತು. ಕಲ್ಲು ಒಡೆಯುವುದು, ರಸ್ತೆ ಹಾಕುವುದು, ಕೆರೆ ತೋಡುವುದು, ದುಡಿದವರಿಗೆ ಕೂಲಿ. 1877ರ ಜನವರಿಯಲ್ಲಿ ವೈಸರಾಯ್ ಲಿಟನ್ನನ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದನು. ಈತನೇ ಮೂರು ವರ್ಷಗಳ ಹಿಂದೆ ಬಿಹಾರದ ಬರದಲ್ಲಿ ಧಾರಾಳವಾಗಿ ಧಾನ್ಯ ತರಿಸಿ ಜನರನ್ನು ಉಳಿಸಿದ್ದನು. ದುಂದುವೆಚ್ಚ ಮಾಡಿದನೆಂಬ ಆಕ್ಷೇಪಣೆಗೆ ಗುರಿಯಾದುದೂ ಅದೇ ಕಾರಣಕ್ಕೆ. ಈ ಬಾರಿ ಮಿತವ್ಯಯವೇ ಆತನ ಮಂತ್ರ. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಅಲ್ಪ ಕಾಸು ಸಾಕೆಂದು ಆತ ನಿರ್ಣಯಿಸಿದನು. ಹೆಂಗಸರಿಗೂ ಮಕ್ಕಳಿಗೂ ಇದಕ್ಕಿಂತ ಕಡಿಮೆ. ಇತಿಹಾಸದಲ್ಲಿ ಇದು ಟೆಂಪಲ್ ಕೂಲಿ ಎಂದು ಹೆಸರಾಯಿತು.

ಇದನ್ನು ಎದುರಿಸಿದವನು ಸರ್ಕಾರದೊಳಗಿನವನೇ ಆದ ಒಬ್ಬ ವೈದ್ಯ. ಮದರಾಸಿನ ಸ್ಯಾನಿಟರಿ ಕಮೀಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್ ಅವರು, ದುಡಿಯುವ ದೇಹಕ್ಕೆ ಇಷ್ಟು ಆಹಾರ ಸಾಲದು, ಧಾನ್ಯವೊಂದರಿಂದಲೇ ಮೈ ನಿಲ್ಲದು, ಬೇಳೆಕಾಳು ಬೇಕು ಎಂದು ವಾದಿಸಿದರು. ಜೈಲಿನ ಖೈದಿಗೆ ಸಿಗುವ ಆಹಾರ ಇದಕ್ಕಿಂತ ಹೆಚ್ಚು ಎಂಬುದು ಅವರ ವಾದದ ಮೊನಚು. ಟೆಂಪಲ್ ತನ್ನದು ಒಂದು ಪ್ರಯೋಗವೆಂದನು. ಪ್ರಯೋಗ ನಡೆದುದು ಕಲ್ಲು ಒಡೆಯುತ್ತಿದ್ದವರ ಮೈಮೇಲೆ. ಕಾರ್ನಿಷ್ ಅವರ ಹಟದಿಂದಾಗಿ 1877ರ ಮೇ ತಿಂಗಳ ಹೊತ್ತಿಗೆ ಕೂಲಿಯ ದರ ಏರಿತು. ಈ ವಾಗ್ವಾದವನ್ನೆಲ್ಲ ಮದರಾಸ್ ಟೈಮ್ಸ್ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಬರೆದಿಟ್ಟನು. ನಮ್ಮ ಜಿಲ್ಲೆಯ ಇತಿಹಾಸವನ್ನು ಅಭ್ಯಾಸ ಮಾಡಬೇಕೆನ್ನುವ ಹಳೆಯ ವಿದ್ಯಾರ್ಥಿಗಳು ಈ ಗ್ರಂಥವನ್ನು ಓದಬೇಕು. ಓದಿ ಮುಗಿಸಿದ ರಾತ್ರಿ ಊಟ ಸೇರುವುದಿಲ್ಲ. ಅದು ಬೇರೆ ಮಾತು.

ಹಸಿವಿನ ಹಿಂದೆ ಕಾಲರಾ, ಸಿಡುಬು, ಭೇದಿ ಬಂದವು. ಗಂಜಿಯ ಶಿಬಿರಕ್ಕೆ ಹೋಗಿ ಅನ್ಯರು ಬೇಯಿಸಿದುದನ್ನು ಉಣ್ಣಲಾರದೆ ಮನೆಯಲ್ಲಿಯೇ ಪ್ರಾಣಬಿಟ್ಟ ಮಾನವಂತರ ಸಂಗತಿಯನ್ನು ಅಂದಿನ ಅಧಿಕಾರಿಗಳು ದಾಖಲಿಸಿದ್ದಾರೆ. ದಾಸೋಹದ ಪಂಕ್ತಿಯಲ್ಲಿ ಕುಲವನ್ನು ಕೇಳಬಾರದೆಂದ ಶರಣರು ಬಾಳಿದ ಏಳುನೂರು ವರ್ಷಗಳ ಅನಂತರವೂ ಹೀಗಾಯಿತೆಂಬುದನ್ನು ಮಠದ ಪತ್ರಿಕೆಯಲ್ಲಿ ಮುಚ್ಚಿಡಬೇಕಾದ ಕಾರಣವಿಲ್ಲ. 1881ರ ಜನಗಣತಿಯಲ್ಲಿ ಬಳ್ಳಾರಿಯ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ಕಡಿಮೆಯಾಗಿತ್ತು. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚೆಂದು 1880ರಲ್ಲಿ ವರದಿ ಒಪ್ಪಿಸಿದ ಬರ ಆಯೋಗವೇ ಅಂದಾಜು ಮಾಡಿತು.

ಈಗ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಒಂದು ಲೆಕ್ಕ. ಒಂದು ಪೌಂಡು ಎಂದರೆ ಸುಮಾರು 454 ಗ್ರಾಂ. ಅಷ್ಟು ಅಕ್ಕಿಯಲ್ಲಿರುವ ಶಕ್ತಿ ಹೆಚ್ಚುಕಡಿಮೆ 1,600 ಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು 2020ರಲ್ಲಿ ಹೇಳಿದಂತೆ, 65 ಕಿಲೋ ತೂಕದ ಗಂಡಸು ಶ್ರಮದ ದುಡಿಮೆ ಮಾಡುತ್ತಿದ್ದರೆ ಅವನಿಗೆ ದಿನಕ್ಕೆ ಸುಮಾರು 3,470 ಕ್ಯಾಲೊರಿ ಬೇಕು. ಕುಳಿತು ಕೆಲಸ ಮಾಡುವವನಿಗೆ 2,110 ಸಾಕು. ಟೆಂಪಲ್ ಕೂಲಿಯವನಿಗೆ ದೊರೆತುದು ಬೇಕಾದುದರ ಅರ್ಧಕ್ಕಿಂತ ಕಡಿಮೆ. ಇಂದು ಬಳ್ಳಾರಿಯ ಗಾಂಧಿನಗರದಲ್ಲಿ ಯಾರಿಗಾದರೂ ತೂಕ ಇಳಿಸಲು ಬರೆದುಕೊಡುವ ಆಹಾರಪಟ್ಟಿಯನ್ನು ತೆಗೆದು ನೋಡಿರಿ: ಹದಿನೈದು ನೂರೋ ಹದಿನಾರು ನೂರೋ ಕ್ಯಾಲೊರಿ ಎಂದಿರುತ್ತದೆ. ಸಂಖ್ಯೆ ಒಂದೇ. ಒಬ್ಬನನ್ನು ಅದು ಸ್ಮಶಾನಕ್ಕೆ ಒಯ್ದಿತು, ಇನ್ನೊಬ್ಬನ ನಡುವಿನ ಸುತ್ತಳತೆಯನ್ನು ತಗ್ಗಿಸುತ್ತದೆ. ಮೈಯಲ್ಲಿ ಶೇಖರವಾದ ಕೊಬ್ಬು, ಮಾಡುವ ದುಡಿಮೆ, ತಟ್ಟೆಯಲ್ಲಿರುವ ಬೇಳೆ ಮತ್ತು ಸೊಪ್ಪು, ರೋಗದಿಂದ ದೂರವಿರುವ ಭಾಗ್ಯ, ನಾಳೆಯೂ ಊಟ ಸಿಗುತ್ತದೆಂಬ ನೆಮ್ಮದಿ, ಇವುಗಳಿಂದ ಉಂಟಾದ ಅಂತರ ಅದು.

ಅರೆಹೊಟ್ಟೆಯ ದೇಹ ಏನು ಮಾಡುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದುದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 1944–45ರಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ 36 ಮಂದಿ ಆರೋಗ್ಯವಂತ ತರುಣರಿಗೆ ಆರು ತಿಂಗಳ ಕಾಲ ದಿನಕ್ಕೆ ಸುಮಾರು 1,600 ಕ್ಯಾಲೊರಿಯಷ್ಟನ್ನೇ ಕೊಟ್ಟನು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಎದೆಬಡಿತ ನಿಧಾನವಾಯಿತು, ಮೈ ತಣ್ಣಗಾಯಿತು, ಮನಸ್ಸು ಕುಗ್ಗಿತು. ಹಗಲಿರುಳೂ ಊಟದ್ದೇ ಧ್ಯಾನ. ಪ್ರಯೋಗ ಮುಗಿದ ಮೇಲೆ ಅವರು ಮಿತಿಯಿಲ್ಲದೆ ಉಂಡರು. ಮೊದಲಿಗಿಂತಲೂ ಹೆಚ್ಚು ಕೊಬ್ಬು ಅವರ ಮೈಯಲ್ಲಿ ಸೇರಿತು. ತೂಕವನ್ನು ಒಂದೇ ಮಟ್ಟದಲ್ಲಿ ಉಳಿಸಿಕೊಳ್ಳಬೇಕೆನ್ನುವವರು ಗಮನಿಸಬೇಕಾದ ಅಂಶವಿದು. ದೇಹಕ್ಕೆ ಬರಗಾಲದ ಭಾಷೆ ಗೊತ್ತು. ಬರ ಬಂದಿತೆಂದು ಅದಕ್ಕೆ ಅನಿಸಿದರೆ ಖರ್ಚನ್ನು ತಗ್ಗಿಸುತ್ತದೆ, ಸುಗ್ಗಿ ಬಂದ ಕೂಡಲೆ ಕಣಜ ತುಂಬುತ್ತದೆ.

ಈ ಅರಿವು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೂ ದಾಟುತ್ತದೆಯೆ? 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಕ್ಷಾಮ ಬಿದ್ದಾಗ ತಾಯಿಯ ಗರ್ಭದಲ್ಲಿದ್ದವರನ್ನು ಅರ್ಧ ಶತಮಾನದ ಮೇಲೆ ಪರೀಕ್ಷಿಸಿದಾಗ, ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಅವರಲ್ಲಿ ಇತರರಿಗಿಂತ ಕುಂದಿದ್ದುದು ಕಂಡುಬಂದಿತು. ಪುಣೆಯ ಡಾ. ಯಾಜ್ಞಿಕ್ ಅವರು ನಮ್ಮ ದೇಶದ ಶಿಶುಗಳು ಹುಟ್ಟುವಾಗ ತೂಕದಲ್ಲಿ ಕಡಿಮೆಯಿದ್ದರೂ ಕೊಬ್ಬಿನ ಪ್ರಮಾಣದಲ್ಲಿ ಇಂಗ್ಲೆಂಡಿನ ಶಿಶುಗಳಿಗೆ ಬಿಟ್ಟುಕೊಡುವುದಿಲ್ಲವೆಂದು ತೋರಿಸಿದ್ದಾರೆ. ಬಳ್ಳಾರಿಯ ಬರಕ್ಕೂ ಇಂದಿನ ಮಧುಮೇಹಕ್ಕೂ ನೇರವಾಗಿ ಗೆರೆ ಎಳೆಯುವ ಧೈರ್ಯ ನಮಗಿಲ್ಲ. ಆದರೆ ತೆಳ್ಳಗೆ ಕಾಣುವವನಿಗೂ ಸಕ್ಕರೆಯ ಕಾಯಿಲೆ ಏಕೆ ಬಂದಿತೆಂದು ಬೆರಗಾಗುವ ಭಕ್ತರು ಇದನ್ನು ಯೋಚಿಸಲಿ.

ಬರದ ಕಥೆ ತಿರುವು ಪಡೆದುದು ನೀರಿನಿಂದ. 1906ರಲ್ಲಿ ಮದರಾಸು ಸರ್ಕಾರ ಹಗರಿಯಲ್ಲಿ ಕೃಷಿ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ ಒಣಬೇಸಾಯವನ್ನು ಪರೀಕ್ಷಿಸಿತು. ಕಪ್ಪು ನೆಲಕ್ಕೆ ನೀರು ಹಾಯಿಸಿದರೆ ಏನಾದೀತೆಂದು ನೋಡಲು 1937ರಲ್ಲಿ ಸಿರುಗುಪ್ಪದಲ್ಲಿ ಇನ್ನೊಂದು ಕೇಂದ್ರ ಬಂದಿತು. 1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದು, 1953ರ ಜುಲೈನಲ್ಲಿ ಕಾಲುವೆಗೆ ನೀರು ಹರಿಯಿತು. ಜೋಳ ಹತ್ತಿಗಳ ಕರಿಯ ಹೊಲಗಳು ಭತ್ತದ ಗದ್ದೆಗಳಾದವು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಸಾಲು ಎದ್ದಿತು. ಸೋನಾ ಮಸೂರಿ ಮನೆಮಾತಾಯಿತು. ಹಬ್ಬದ ಅನ್ನ ನಿತ್ಯದ ಅನ್ನವಾಯಿತು. 2002ರಲ್ಲಿ ಅಕ್ಷರ ದಾಸೋಹ ಯೋಜನೆ ಮೊದಲು ಆರಂಭವಾದ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಶರಣರ ಮಾತೊಂದು ಸರ್ಕಾರದ ಕಡತವನ್ನು ಸೇರಿ ಶಾಲೆಯ ಮಕ್ಕಳ ಹೊಟ್ಟೆ ತುಂಬಿಸಿದುದು ಸಂತೋಷದ ಸಂಗತಿ. 2013ರ ಅನ್ನಭಾಗ್ಯದಿಂದ ಬಡವರ ಮನೆಯಲ್ಲಿಯೂ ಅಕ್ಕಿ ನಿಂತಿತು. ಒಂದೇ ಶತಮಾನ ಕಳೆಯುವಷ್ಟರಲ್ಲಿ ಹಸಿವಿನ ಜಿಲ್ಲೆ ಅನ್ನದ ಜಿಲ್ಲೆಯಾಯಿತು. ಇದನ್ನು ಹಗುರವಾಗಿ ಕಾಣುವವನು ಕೃತಘ್ನ.

ಆದರೆ ರೊಟ್ಟಿ, ನವಣೆ, ಹುರುಳಿ ತಟ್ಟೆಯಿಂದ ಜಾರಿದವು. ಗಳೆಯ ಬದಲು ಟ್ರ್ಯಾಕ್ಟರ್ ಬಂದಿತು, ನಡಿಗೆಯ ಬದಲು ಮೋಟಾರು ಬೈಕು ಬಂದಿತು. ವಿದ್ಯುದ್ದೀಪ ಬಂದು ರಾತ್ರಿ ಉದ್ದವಾಯಿತು; ಸಂಜೆ ಆರಕ್ಕೆ ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದವರು ರಾತ್ರಿ ಹತ್ತಕ್ಕೆ ಮತ್ತೆ ಪೂರ್ಣ ಊಟಕ್ಕೆ ಕೂಡುತ್ತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳು ಸುಮಾರು ಹತ್ತು ಕೋಟಿ. ಊಟ ಬಿಡುವ ಪ್ರಶ್ನೆ ಹುಟ್ಟಿದುದು ಈ ಹೊಸ ಸ್ಥಿತಿಯಲ್ಲಿ. ಹಿರಿಯರ ಒಪ್ಪತ್ತಿನಲ್ಲಿ ಅದರ ಬೇರನ್ನು ಹುಡುಕುವುದು ವ್ಯರ್ಥ.

ಊಟ ಬಿಡುವುದಕ್ಕೆ ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಇನ್ನೊಂದು ಮುಖವಿದೆ. ಅದನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯೋಣ. 1952ರ ಅಕ್ಟೋಬರ್ 19ರಂದು ಮದರಾಸಿನಲ್ಲಿ ಪೊಟ್ಟಿ ಶ್ರೀರಾಮುಲು ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೈಗೊಂಡು ಡಿಸೆಂಬರ್ 15ರ ರಾತ್ರಿ ಪ್ರಾಣಬಿಟ್ಟರು. ಇತ್ತ 1953ರ ವಸಂತದಲ್ಲಿ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡರು ಕರ್ನಾಟಕ ಏಕೀಕರಣಕ್ಕಾಗಿ ಆಮರಣಾಂತ ಉಪವಾಸ ಕುಳಿತರು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ಉದಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಬಳ್ಳಾರಿ, ಸಿರುಗುಪ್ಪ ಮೊದಲಾದವು ಮೈಸೂರು ರಾಜ್ಯಕ್ಕೆ ಸೇರಿದವು. ಕುರುಗೋಡಿನ ಬೆಟ್ಟ ಇಂದು ಯಾವ ರಾಜ್ಯದಲ್ಲಿದೆ ಎಂಬುದರ ಹಿಂದೆ ಇಂಥ ಹಸಿದ ಹೊಟ್ಟೆಗಳಿವೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ಧಾನ್ಯದ ಕೊರತೆಯ ಕಾಲದಲ್ಲಿ ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡರು. ಅನೇಕರು ಸೋಮವಾರದ ರಾತ್ರಿಯೂಟವನ್ನು ಬಿಟ್ಟರು. ತಾನು ಬಿಟ್ಟ ತುತ್ತು ಇನ್ನೊಬ್ಬನಿಗೆ ಮುಟ್ಟಲೆಂಬ ಭಾವ ಅದರಲ್ಲಿತ್ತು. ಸೋಮವಾರದ ಒಪ್ಪತ್ತು ಶಿವಭಕ್ತರಿಗೆ ಹೊಸದಲ್ಲವಾದುದರಿಂದ ನಮ್ಮ ಕಡೆಯವರಿಗೆ ಅದು ಕಷ್ಟವೆನಿಸಿರಲಾರದು.

ತೂಕಕ್ಕಾಗಿ ಊಟ ಬಿಡುವುದರಲ್ಲಿ ಫಲವಿದೆಯೆ? ಇದೆ, ಆದರೆ ಅದರಲ್ಲಿ ಮಾಯೆಯೇನೂ ಇಲ್ಲ. ಚೀನಾದ ಗುವಾಂಗ್‌ಝೌ ನಗರದಲ್ಲಿ 139 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ ಒಂದು ವರ್ಷ ಪರೀಕ್ಷಿಸಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಇಬ್ಬರಿಗೂ ಸಮನಾಗಿ ಆಹಾರ ತಗ್ಗಿಸಿ, ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಣ್ಣಬೇಕೆಂದು ನಿಯಮ ಹಾಕಿದರು. ಆ ಗುಂಪಿನವರ ತೂಕ ಸರಾಸರಿ 8 ಕಿಲೋ, ಇನ್ನೊಂದು ಗುಂಪಿನವರದು 6.3 ಕಿಲೋ ಇಳಿಯಿತು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ಅಂತರಕ್ಕೆ ಬೆಲೆಯಿಲ್ಲ. ಗಡಿಯಾರಕ್ಕಿಂತ ತಟ್ಟೆ ಮುಖ್ಯವೆಂದಾಯಿತು. ಗಡಿಯಾರ ನೋಡಿದರೆ ತಟ್ಟೆಯನ್ನು ಹಿಡಿತದಲ್ಲಿಡುವುದು ಸುಲಭವೆನ್ನುವವರು ಹಾಗೆಯೇ ಮಾಡಲಿ. ರಾತ್ರಿ ಬೇಗ ಉಂಡು ಬೆಳಿಗ್ಗೆಯವರೆಗೆ ಏನನ್ನೂ ತಿನ್ನದಿರುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿಗೂ ಹತ್ತಿರವಾದುದು. ಬೆಳಗಿನ ಊಟ ಬಿಟ್ಟು ನಡುರಾತ್ರಿ ಬಿರಿಯುವಂತೆ ಉಣ್ಣುವುದನ್ನು ಒಪ್ಪತ್ತೆಂದು ಕರೆಯುವವರೊಡನೆ ನಮಗೆ ವಾದವಿಲ್ಲ. ಅದು ಕೇವಲ ಹೊತ್ತು ತಪ್ಪಿದ ಊಟ.

ಊಟ ಬಿಡಬಾರದವರೂ ಇದ್ದಾರೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳು, ಕೃಶರಾದ ವೃದ್ಧರು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಸೊಸೆಯಂದಿರು ಇಂದಿಗೂ ನಮ್ಮ ಭಕ್ತರ ಮನೆಗಳಲ್ಲಿದ್ದಾರೆ. ಗುರುವಾರಕ್ಕೊಂದು, ಸೋಮವಾರಕ್ಕೊಂದು ವ್ರತ ಹಿಡಿದು ಅವರು ಮತ್ತಷ್ಟು ಬಡಕಲಾಗುವುದನ್ನು ನೋಡಿಯೂ ಭಕ್ತಿಯೆಂದು ಹೊಗಳುವುದು ಸಲ್ಲದು. ಸಿರುಗುಪ್ಪದ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡುವ ತಾಯಂದಿರು ಬೆಳಗಿನ ಗಡಿಬಿಡಿಯಲ್ಲಿ ಊಟ ತಪ್ಪಿಸಿಕೊಂಡೇ ಟ್ರ್ಯಾಕ್ಟರ್ ಹತ್ತುತ್ತಾರೆ. ಅವರಿಗೆ ಉಪವಾಸದ ಹಿರಿಮೆಯನ್ನು ಬೋಧಿಸುವ ನಾಲಗೆ ನಮಗಿಲ್ಲ. ಗದ್ದೆಯ ಒಡೆಯರಾದ ಭಕ್ತರು ನಾಟಿಯ ದಿನ ಹತ್ತು ಗಂಟೆಯೊಳಗೆ ಅವರಿಗೆ ಬುತ್ತಿ ಮುಟ್ಟಿಸುವ ವ್ಯವಸ್ಥೆ ಮಾಡಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮದ್ದು ತೆಗೆದುಕೊಂಡು ಊಟ ಬಿಟ್ಟರೆ ರಕ್ತದಲ್ಲಿನ ಸಕ್ಕರೆ ಹಠಾತ್ತನೆ ಇಳಿದು ಬೆವರು, ನಡುಕ, ಮಂಪರು ಕವಿದು ಎಚ್ಚರ ತಪ್ಪಬಹುದು. ಶಿವರಾತ್ರಿಯಂದು ನಿರಾಹಾರವಿದ್ದು ಜಾಗರಣೆಗೆ ಬರುವ ಇಂಥ ಭಕ್ತರು ಒಂದು ವಾರ ಮುಂಚಿತವಾಗಿಯೇ ತಮ್ಮ ವೈದ್ಯರನ್ನು ಕಂಡು ಮದ್ದಿನ ಪ್ರಮಾಣವನ್ನು ಕೇಳಿಕೊಳ್ಳಬೇಕು. ಜೇಬಿನಲ್ಲಿ ಒಂದು ಚೂರು ಬೆಲ್ಲವಿರಬೇಕು. ಮೈ ನಡುಗಿದರೆ ಪೂಜೆ ಮುಗಿಯಲೆಂದು ಕಾಯದೆ ಅದನ್ನು ಕೂಡಲೆ ಬಾಯಿಗೆ ಹಾಕಿಕೊಂಡು ಪಕ್ಕದಲ್ಲಿ ಕುಳಿತವರಿಗೆ ತಿಳಿಸಬೇಕು. ದಾಸೋಹದ ಮನೆಯಲ್ಲಿ ಆ ರಾತ್ರಿಯೂ ಒಲೆ ಆರಿರುವುದಿಲ್ಲ. ಯಾವ ಹೊತ್ತಿನಲ್ಲಿ ಕೇಳಿದರೂ ಪ್ರಸಾದ ಬಡಿಸುವಂತೆ ಅಲ್ಲಿನವರಿಗೆ ಹೇಳಿದ್ದೇವೆ.